ಕೈ ಎಟುಕುವಷ್ಟು ಸುಣ್ಣ

ಮುಪ್ಪಿನ ಛತ್ರದಲ್ಲಿದ್ದ ಹನ್ನೊಂದು ಜನರನ್ನು ಆಷಾಢದ ಒಂದು ಸೋಮವಾರ ಹೊರಗೆ ಹಾಕಲಾಯಿತು. ಕಟ್ಟಡ ಅಮೂಲ್ಯವಾದದ್ದು ಎಂದು ಆದೇಶದಲ್ಲಿ ಕಾರಣ ಕೊಟ್ಟಿತ್ತು.

ಅಮೂಲ್ಯ ಎಂಬ ಮಾತು ನಾಗಭೂಷಣನದು. ಚಿತ್ರದುರ್ಗದ ಕಾಲೇಜಿನಲ್ಲಿ ಇತಿಹಾಸ ಹೇಳುವ ಅವನು, ಜವನಗೊಂಡನಹಳ್ಳಿ ದಾರಿಯ ಈ ಛತ್ರವನ್ನು ಒಡೆದು ಮಳಿಗೆ ಕಟ್ಟುತ್ತಾರೆಂಬ ಸುದ್ದಿ ಬಂದಾಗ ಮೂವತ್ತೆರಡು ಪುಟದ ವರದಿ ಬರೆದಿದ್ದ. ಓದುಬಳಗದ ಗೆಳೆಯರು ಅದನ್ನು ಗಟ್ಟಿಯಾಗಿ ಓದಿಸಿ ಕೇಳಿದರು, ಸಹಿ ಕೂಡಿಸಿದರು, ಕಚೇರಿ ಮುಂದೆ ಕೂತರು. ಗೆದ್ದರು. ಛತ್ರ ಉಳಿಯಿತು. ಉಳಿದದ್ದರ ಒಳಗೆ ಒಲೆ ಉರಿಯಬಾರದು, ಬಟ್ಟೆ ಒಣಗಬಾರದು, ಮನುಷ್ಯರು ಮಲಗಬಾರದು ಎಂಬುದು ಆಮೇಲೆ ಗೊತ್ತಾಯಿತು.

ಆದೇಶದಲ್ಲಿ 'ತಾತ್ಕಾಲಿಕವಾಗಿ' ಎಂಬ ಪದವಿತ್ತು. ನಾಲ್ಕು ತಿಂಗಳು ಅವನು ಆ ಪದವನ್ನು ನೆಚ್ಚಿಕೊಂಡು ನಿದ್ದೆ ಮಾಡಿದ್ದ. ವರದಿ ಬರೆದವನೆಂದು ಇವತ್ತು ಅವನು ಸಂರಕ್ಷಣೆಯ ಕೊನೆಯ ಹಾಳೆಗೆ ಸಹಿ ಹಾಕಬೇಕು. ಅದರ ಒಂಬತ್ತನೇ ಸಾಲು: 'ವಾಸ: ಇಲ್ಲ. ಮುಂದೆಯೂ ಅವಕಾಶವಿಲ್ಲ.' ಅವನ ಸಹಿ ಬಿದ್ದರೆ ಹನ್ನೊಂದು ಜನ ವಾಪಸು ಬರುವಂತಿಲ್ಲ.

ಅವನು ಹೊಸ್ತಿಲ ಬಳಿ ನಿಂತು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದ.

"ಹಾಕ್ಕಂಡೇ ಬರ್ರಿ ಮೇಷ್ಟ್ರೇ," ಕಂಬಕ್ಕೆ ಒರಗಿ ಕೂತಿದ್ದ ಮುದುಕನೊಬ್ಬ ಹೇಳಿದ. "ಈಗಿದು ಯಾರ ಮನೇನೂ ಅಲ್ಲ."

ಕಾಟಲಿಂಗಪ್ಪ. ಎಂಬತ್ತು ದಾಟಿದ ಕುರಿಗಾರ. ಹದಿನಾಲ್ಕು ವರ್ಷ ಈ ಛತ್ರದಲ್ಲಿ ಮಲಗಿದವನು. ಪಕ್ಕದಲ್ಲಿ ದ್ಯಾಮಮ್ಮ, ಕಂಬಳಿ ಮಡಿಸಿ ಅದರ ಮೇಲೆ ಕೂತಿದ್ದಳು. ಇಲಾಖೆಯ ದೊಡ್ಡ ಸಾಹೇಬರ ಭೇಟಿಗೆ ಮೊದಲು ಫೋಟೋ ಬೇಕೆಂದು ಇಬ್ಬರನ್ನೂ ಬೆಳಿಗ್ಗೆ ವ್ಯಾನಿನಲ್ಲಿ, ಹನ್ನೊಂದು ಜನರನ್ನೂ ಇರಿಸಿದ್ದ ಹೊಸದುರ್ಗದಿಂದ ಕರೆತಂದಿದ್ದರು.

"ಅಲ್ಲಿ ಊಟ ತಿಂಡಿ ಹೆಂಗೆ?" ನಾಗಭೂಷಣ ಕೇಳಿದ. ಕೇಳಿದ ಮೇಲೆ ತನ್ನ ದನಿ ನೆಂಟನ ದನಿಯಂತಿದೆ ಅನ್ನಿಸಿ ನಾಚಿಕೆಯಾಯಿತು.

"ಊಟಕ್ಕೇನ್ ಬರ ಸ್ವಾಮಿ? ಕಲ್ಯಾಣ ಮಂಟಪದ ಮ್ಯಾಲೆ ಇಟ್ಟವ್ರೆ. ದಿನಾ ಲಗ್ನ, ದಿನಾ ಪಾಯಸ. ನಮಗೆ ಹೆಣ್ ಕೊಡೋರೊಬ್ರಿಲ್ಲ, ಅಷ್ಟೇ."

"ಕೊಟ್ಟಿದ್ ಒಬ್ಳು ಓಡಿ ಹೋದ್ಲಲ್ಲ, ಸಾಲ್ದೇನು," ಎಂದಳು ದ್ಯಾಮಮ್ಮ.

ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ನಾಗಭೂಷಣನೂ ನಕ್ಕ. ಒಂದು ಗಳಿಗೆ ತಡವಾಗಿ.

ಒಳಗೆ ಉದ್ದನೆಯ ಪಡಸಾಲೆ. ಎರಡು ಸಾಲು ಕಲ್ಲುಕಂಬ, ಮೇಲೆ ತೇಗದ ತೊಲೆ, ಜಂತೆ, ಮಣ್ಣಿನ ಮಾಳಿಗೆ. ನಾಲ್ಕು ಗವಾಕ್ಷಿಗಳಿಂದ ಬೆಳಕು ಕಂಬದಂತೆಯೇ ನೆಟ್ಟಗೆ ಇಳಿಯುತ್ತಿತ್ತು. ಕಂಬಳಿ ವ್ಯಾಪಾರಿಯೊಬ್ಬ ನೂರು ವರ್ಷದ ಹಿಂದೆ, ಮಂದೆಯ ಹಿಂದೆ ನಡೆಯಲಾಗದ ಕುರಿಗಾರರಿಗೆಂದು ಕಟ್ಟಿಸಿದ್ದು. ಕಂಬದಿಂದ ಕಂಬಕ್ಕೆ ಒಂದರಂತೆ ಹನ್ನೆರಡು ಅಂಕಣ. ಒಬ್ಬರಿಗೆ ಒಂದು ಅಂಕಣ, ಒಂದು ಗೂಡು, ಒಂದು ಗೂಟ. ಹೆಂಗಸರಿಗೂ ಜಾಗ ಕೊಟ್ಟದ್ದು ಆಮೇಲೆ. ಇದೆಲ್ಲ ವರದಿಯಲ್ಲಿತ್ತು.

ವರದಿಯನ್ನು ಗೆಲ್ಲಿಸಿದ್ದು ಇದಲ್ಲ. ಗೋಡೆ. ನೆಲದಿಂದ ಆಳೆತ್ತರದವರೆಗೆ ಗೋಡೆ ಒಂದು ಬೆರಳು ಉಬ್ಬಿಕೊಂಡು, ಅಂಕಣದಿಂದ ಅಂಕಣಕ್ಕೆ ಏರಿ ಇಳಿದು, ಅಲ್ಲಲ್ಲಿ ತಗ್ಗಾಗಿ, ಪಡಸಾಲೆಯುದ್ದಕ್ಕೂ ಅಲೆಯಂತೆ ಹೋಗುತ್ತಿತ್ತು. 'ಶಿಲ್ಪಿ ಉದ್ದೇಶಪೂರ್ವಕವಾಗಿ ರೂಪಿಸಿದ ಈ ಲಯಬದ್ಧ ಉಬ್ಬುಪಟ್ಟಿ ಈ ಸೀಮೆಯಲ್ಲಿ ಮತ್ತೆಲ್ಲೂ ಇಲ್ಲ' ಎಂದು ನಾಗಭೂಷಣ ಬರೆದಿದ್ದ. ಆ ವಾಕ್ಯ ಈಗ ಬಾಗಿಲ ಪಕ್ಕದ ಹಿತ್ತಾಳೆ ಫಲಕದಲ್ಲಿತ್ತು.

ಏಳನೇ ಅಂಕಣದ ಬಳಿ ಮೂರು ಅಡಿಯಷ್ಟು ಪಟ್ಟಿ ಉದುರಿತ್ತು. ತಂತಿ ಎಳೆಯುವಾಗ ಕೆಲಸದವರ ಸುತ್ತಿಗೆ ತಾಗಿತ್ತಂತೆ. ಅವನು ಬಗ್ಗಿ ನೋಡಿದ. ಒಡೆದ ಅಂಚಿನಲ್ಲಿ ಗಾರೆ ಇರಲಿಲ್ಲ. ಪದರ ಪದರ. ಈರುಳ್ಳಿ ಸೀಳಿದಂತೆ. ಬಿಳಿ, ಮಾಸಿದ ಬಿಳಿ, ನೀಲಿ ಬೆರೆತ ಬಿಳಿ, ಮತ್ತೆ ಬಿಳಿ.

"ನನ್ ಅಂಕಣ ಅದು," ಹಿಂದೆ ಬಂದು ನಿಂತಿದ್ದ ದ್ಯಾಮಮ್ಮ ಹೇಳಿದಳು. "ಒಡೆದ್ ಹಾಕವ್ರೆ ನೋಡು."

"ಇದೇನಿದು, ಪದರ?"

"ಸುಣ್ಣ."

"ಬರೀ ಸುಣ್ಣವೇ?"

"ಮತ್ತೇನ್ ಬೆಣ್ಣೆ ಬಳೀತಾರಾ? ದೀಪಾವಳಿ ಮುಂದೆ ವರ್ಷ ವರ್ಷ ಬಳಿಯೋದು. ಯಾರ್ ಅಂಕಣ ಅವ್ರೇ. ಏಣಿ ಹತ್ತಬಾರ್ದು ಅಂತ ಛತ್ರದ ಕಟ್ಟು. ಮುದುಕ್ರು ಬಿದ್ ಸತ್ರೆ? ಕೈ ಎಟುಕೋವಷ್ಟು ಬಳಿಯೋದು, ಬಿಡೋದು."

ಅವನು ಪಕ್ಕದ ಅಂಕಣ ನೋಡಿದ. ಅಲ್ಲಿ ಪಟ್ಟಿ ತಗ್ಗಾಗಿತ್ತು. ವರದಿಯ ಹದಿನೇಳನೇ ಪುಟದಲ್ಲಿ ಅದಕ್ಕೆ 'ವಿರಾಮ' ಎಂದು ಹೆಸರಿಟ್ಟಿದ್ದ.

"ಅದು?"

"ಮುರುಗಪ್ಪನ್ದು. ಹೋದ. ಹೊಸಬ್ರು ಬಂದ್ ಮಲಗೋ ತನಕ ಆ ಅಂಕಣಕ್ಕೆ ಸುಣ್ಣ ಇಲ್ಲ. ಹನ್ನೆರಡು ವರ್ಷ ಹಂಗೇ ಇತ್ತು. ಅದರಾಚೇದು ಓಬಮ್ಮನ್ದು. ಕುಳ್ಳಿ. ನೋಡು, ಅಷ್ಟಕ್ಕೇ ನಿಂತೈತೆ."

ಓಬಮ್ಮನ ಪಟ್ಟಿ ಅವನ ಗಲ್ಲದ ಮಟ್ಟಕ್ಕೆ ನಿಂತಿತ್ತು. ಅದಕ್ಕೂ ಒಂದು ಪ್ಯಾರಾ ಬರೆದಿದ್ದ. ಆರು ಸಲ ಇಲ್ಲಿಗೆ ಬಂದಿದ್ದ. ಟೇಪು ಹಿಡಿದು ಪ್ರತಿ ಅಂಕಣದ ಎತ್ತರ, ಅಗಲ, ದಪ್ಪ ಬರೆದುಕೊಂಡಿದ್ದ. ಈ ಹೆಂಗಸು ಆಗ ಟೇಪಿನ ಇನ್ನೊಂದು ತುದಿ ಹಿಡಿದಿದ್ದಳು. ಅವಳನ್ನು ಏನೂ ಕೇಳಿರಲಿಲ್ಲ.

"ಆಗಲೇ ಯಾಕೆ ಹೇಳಲಿಲ್ಲ, ದ್ಯಾಮಮ್ಮ?"

"ನೀನ್ ಕೇಳ್ದಾ?"

ಅವನು ಒಡೆದ ಅಂಚಿನ ಮೇಲೆ ಬೆರಳಾಡಿಸಿದ. ತನಗೂ ಆಶ್ಚರ್ಯವಾಗುವಂತೆ ಮನಸ್ಸು ಹಗುರಾಯಿತು. ತಾನು ತಪ್ಪು ಬರೆದೆ ಎಂದುಬಿಟ್ಟರೆ? ಪಟ್ಟಿ ಶಿಲ್ಪಿಯದಲ್ಲ, ಅಮೂಲ್ಯವಲ್ಲ. ಫಲಕ ಇಳಿಯುತ್ತದೆ. ಕಟ್ಟಡ ಮತ್ತೆ ಬರೀ ಮನೆಯಾಗುತ್ತದೆ, ಹನ್ನೊಂದು ಜನ ವಾಪಸು. ಓದುಬಳಗದಲ್ಲಿ ತಾನು ಎದ್ದು ನಿಂತು ಈ ಮಾತು ಹೇಳುವ ಚಿತ್ರ ಕಣ್ಣಿಗೆ ಕಟ್ಟಿತು. ಯಾರೋ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ತನ್ನ ತಪ್ಪೊಪ್ಪಿಗೆಯೂ ತನಗೆ ಚೆನ್ನಾಗಿ ಕಾಣುತ್ತಿದೆ ಎಂದು ಹೊಳೆದು ಬಾಯಿ ಕಹಿಯಾಯಿತು.

ಆದರೂ ಹೇಳಿದ. ಮಾಳಿಗೆಯಿಂದ ಏಣಿ ಇಳಿದು ಬಂದ ಉಷಾರಾಣಿಗೆ. ಛತ್ರದ ದುರಸ್ತಿಯ ಹೊಣೆ ಹೊತ್ತ ವಾಸ್ತುಶಿಲ್ಪಿ. ಅವನ ಮಗಳ ವಯಸ್ಸು, ಕೈಯಲ್ಲಿ ಸದಾ ಫೋನು.

"ಆ ಪಟ್ಟಿ ಮೂಲದ್ದಲ್ಲ. ಮಲಗುತ್ತಿದ್ದವರು ಬಳಿದ ಸುಣ್ಣ. ನಾನು ತಪ್ಪು ಬರೆದಿದ್ದೇನೆ."

"ಹೌದಾ ಸಾರ್?" ಅವಳ ಕಣ್ಣರಳಿತು. "ಇನ್ನೂ ಒಳ್ಳೇದೇ ಆಯ್ತಲ್ಲ!"

"ಒಳ್ಳೇದು?"

"ಶಿಲ್ಪಿ ಮಾಡಿದ್ದು ಅಂದ್ರೆ ಬರೀ ವಿನ್ಯಾಸ. ಇದು ಜೀವಂತ ಪರಂಪರೆ ಸಾರ್. ಅದಕ್ಕೆ ಮಾರ್ಕ್ಸ್ ಜಾಸ್ತಿ. ಫಲಕ ಬದಲಾಯಿಸೋಣ, ಬಿಡಿ."

"ಬಳಿಯುವವರು ಇಲ್ಲಿಲ್ಲವಲ್ಲ."

"ವರ್ಷಕ್ಕೊಂದು ದಿನ ಕರೆಸೋಣ. ದೀಪಾವಳಿಗೆ. ವ್ಯಾನು, ಊಟ, ಒಂದು ಶಾಲು. ಜನ ನೋಡೋಕೆ ಬರ್ತಾರೆ."

"ನಾನು ಹೇಳಿದ್ದು, ಅವರು ಇಲ್ಲೇ ಇದ್ದರೆ—"

"ಸಾರ್, ಒಲೆ ಹೊಗೆಗೆ ಪಟ್ಟಿ ಕಪ್ಪಾಗುತ್ತೆ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಂದಹಾಗೆ ಹಾಳೆ ತಂದಿದ್ದೀರಲ್ಲ? ಸಂಜೆಯೊಳಗೆ ಕೊಟ್ಟುಬಿಡಿ."

ಹಾಳೆ ಅವನ ಚೀಲದಲ್ಲಿತ್ತು. ತಂದಿಲ್ಲ ಎಂದು ಹೇಳಬಹುದಿತ್ತು. ಕೊಡುವುದಿಲ್ಲ ಎಂದೂ ಹೇಳಬಹುದಿತ್ತು. "ನೋಡೋಣ," ಎಂದ. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಅವನು ಅತಿ ಹೆಚ್ಚು ಬಳಸಿದ ಮಾತು ಅದು.

ಅವಳು ಆಗಲೇ ಫೋನಿನಲ್ಲಿ ಸುಣ್ಣ ತರಿಸುತ್ತಿದ್ದಳು. ಬಕೆಟ್ಟು ಬಂತು. ಕತ್ತಾಳೆ ನಾರಿನ ಕುಂಚ ಬಂತು. ಫೋಟೋದವನು ಏಳನೇ ಅಂಕಣದ ಎದುರು ಮೂರು ಕಾಲಿನ ಸ್ಟ್ಯಾಂಡು ಊರಿದ. ಗವಾಕ್ಷಿಯ ಬೆಳಕು ಒಡೆದ ಜಾಗದ ಮೇಲೇ ಬೀಳುತ್ತಿದ್ದದ್ದು ಕಂಡು "ಸೂಪರ್," ಎಂದ.

"ಬರ್ರಿ ಅಜ್ಜಿ," ಉಷಾರಾಣಿ ಕರೆದಳು. "ನಿಮ್ಮ ಗೋಡೆ ನೀವೇ ಬಳೀರಿ. ಹೆಂಗೆ ಬಳೀತಿದ್ರೋ ಹಂಗೇ. ಒಂದೇ ಕೈ ಸಾಕು."

ದ್ಯಾಮಮ್ಮ ಬಂದಳು. ಬಕೆಟ್ಟಿಗೆ ಬೆರಳದ್ದಿ ತಿಕ್ಕಿ ನೋಡಿದಳು. "ಸುಣ್ಣ ಚಲೋ ಐತೆ," ಎಂದಳು. ಸೆರಗಿಗೆ ಬೆರಳು ಒರೆಸಿಕೊಂಡಳು.

"ಹಂ, ಕುಂಚ ತಗಳ್ರಿ."

"ಇವತ್ ರಾತ್ರಿ ಇಲ್ಲೇ ಮಲಗೋದಾ, ತಾಯಿ?"

"ಇಲ್ಲ ಅಜ್ಜಿ. ನಾಲ್ಕು ಗಂಟೆಗೆ ವ್ಯಾನ್ ಹೊರಡುತ್ತೆ."

"ನಾಳೆ?"

ಉಷಾರಾಣಿ ನಾಗಭೂಷಣನ ಕಡೆ ತಿರುಗಿದಳು. "ಸಾರ್, ನೀವೊಂದು ಮಾತು ಹೇಳಿ. ನಿಮ್ಮ ಮಾತು ಕೇಳ್ತಾರೆ."

ಎಲ್ಲರೂ ಅವನನ್ನು ನೋಡಿದರು. ಕಂಬದ ಬುಡದಿಂದ ಕಾಟಲಿಂಗಪ್ಪ ಕೂಡ. ಫೋಟೋದವನು ಒಂದು ಕಣ್ಣು ಮುಚ್ಚಿ ಕಾಯುತ್ತಿದ್ದ. ನಾಗಭೂಷಣ ಕುಂಚವನ್ನು ಬಕೆಟ್ಟಿನಲ್ಲಿ ಅದ್ದಿ ಎತ್ತಿದ. ಗೋಡೆಗೆ ತಾನೇ ಎರಡು ಗೀರು ಎಳೆದುಬಿಡಬೇಕೆನ್ನಿಸಿತು. ಕುಂಚವನ್ನು ಫಲಕದತ್ತ ಬೀಸಿ ಎಸೆಯಬೇಕೆನ್ನಿಸಿತು. ಎರಡೂ ಆಗಲಿಲ್ಲ. ಅದನ್ನು ದ್ಯಾಮಮ್ಮನ ಮುಂದೆ ಹಿಡಿದಿದ್ದ.

"ಬಳಿಯಮ್ಮ," ಎಂದಿತು ಅವನ ಬಾಯಿ. "ಒಂದು ಫೋಟೋ ಅಷ್ಟೇ. ಆಮೇಲೆ ನಾನು ಬರೆಯುತ್ತೇನೆ, ನಿಮ್ಮನ್ನು ವಾಪಸು..."

"ನೀನ್ ಬರ್ದೇ ಅಲ್ವಾ ನಾವ್ ಹೋಗಿದ್ದು?"

ಅವಳು ಜೋರಾಗಿ ಹೇಳಲಿಲ್ಲ. ಊರಲ್ಲಿ ಮಳೆ ಬಂತಾ ಎನ್ನುವಷ್ಟೇ ಸಹಜವಾಗಿ ಕೇಳಿದಳು.

"ಹಿಡಿ, ದ್ಯಾಮಮ್ಮ."

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಮಲಗೋರು ಬಳೀತಾರೆ," ಎಂದಳು. "ನಾನೊಲ್ಲೆ."

"ಅಜ್ಜಿ, ಬೆಳಕು ಹೋಗುತ್ತೆ," ಎಂದ ಫೋಟೋದವನು.

"ಹೋಗ್ಲಿ."

ಕುಂಚದಿಂದ ಸುಣ್ಣ ನಾಗಭೂಷಣನ ಬೆರಳಿಗಿಳಿಯಿತು. ಬೆರಳಿನಿಂದ ಮಣಿಕಟ್ಟಿಗೆ, ಅಲ್ಲಿಂದ ಅಂಗಿಯ ತೋಳಿನೊಳಗೆ ಮೊಣಕೈವರೆಗೆ ಹರಿದು, ತಣ್ಣಗಿದ್ದದ್ದು ನಿಧಾನಕ್ಕೆ ಚರ್ಮವನ್ನು ಬಿಗಿಯತೊಡಗಿತು. ತೋಳು ನೋಯುತ್ತಿತ್ತು. ಇಳಿಸಲಿಲ್ಲ. ಬಿಳಿಯಾಗುತ್ತಿದ್ದ ತನ್ನದೇ ಕೈ, ಯಾರದೋ ಗೋಡೆಯಿಂದ ಹೊರಚಾಚಿದ ಗೂಟದಂತೆ, ಅವಳ ಎದುರು ನಿಂತೇ ಇತ್ತು.

"ಹಿಡಿ," ಎಂದ ಮತ್ತೊಮ್ಮೆ.

ಅವಳು ಹಿಡಿಯಲಿಲ್ಲ.