ಬಲಗಡೆಯ ಪೆಟ್ಟಿಗೆ

ಡೇಗು ನಗರದಲ್ಲಿ ಕಡು ಬೇಸಿಗೆಯ ಆಗಸ್ಟ್ ತಿಂಗಳು ಮನೆಯಲ್ಲಿ ಬಿಯರ್ ಮಾಡುವ ಕಾಲವಲ್ಲ ಎಂದು ಗಿಮಾನ್‌ಗೆ ಎಲ್ಲರೂ ಹೇಳಿದ್ದರು. ಹೇಳಿದವರಲ್ಲಿ ಹೆಚ್ಚಿನವರು ಹಿಂದಿನ ಎರಡು ಬೇಸಿಗೆಗಳಲ್ಲಿ ಅವನ ಬಿಯರ್ ಕುಡಿದು ನೋಡಿದವರು. ಯೀಸ್ಟ್ ಹಾಕಿದ ಮೊದಲ ಮೂರು ದಿನ ಬಾರ್ಲಿ ಮೊಳಕೆಯ ರಸ ಇಪ್ಪತ್ತು ಡಿಗ್ರಿ ದಾಟಬಾರದು. ಅವನ ಅಡುಗೆಮನೆಯಲ್ಲಿ ಮಧ್ಯಾಹ್ನ ಮೂವತ್ತಮೂರು. ಅದು ಸಾಲದೆಂಬಂತೆ, ಸಕ್ಕರೆ ತಿನ್ನುವ ಯೀಸ್ಟ್ ತಾನೂ ಕಾವು ಹುಟ್ಟಿಸಿ ರಸವನ್ನು ಇನ್ನಷ್ಟು ಬಿಸಿ ಮಾಡುತ್ತದೆ. ಎರಡು ವರ್ಷವೂ ಕೊನೆಗೆ ಸಿಕ್ಕಿದ್ದು ಉಗುರುಬಣ್ಣ ಅಳಿಸುವ ದ್ರಾವಣದಂತೆ ನಾರುವ ಹಳದಿ ನೀರು.

"ಅಣ್ಣಾ, ಇದು ಕುಡಿಯೋಕಾ, ಅತ್ತಿಗೆ ಉಗುರಿಗೆ ಹಚ್ಚೋಕಾ?" ಎಂದು ರಿಪೇರಿ ಅಂಗಡಿಯ ಜೊತೆಗಾರ ದೊಂಗ್‌ಚಿಲ್ ಎಲ್ಲರೆದುರು ಕೇಳಿದ್ದ. "ಇಪ್ಪತ್ತೆರಡು ವರ್ಷದಿಂದ ಊರೋರ ಮನೆಯೆಲ್ಲ ತಂಪು ಮಾಡ್ತೀಯ. ನಿನ್ನ ಮನೇಲಿ ಒಂದು ಬಕೆಟ್ ತಣ್ಣಗಿಡೋಕೆ ಬರಲ್ವಾ?"

ಬಿಯರ್ ಕೆಟ್ಟದ್ದಕ್ಕಿಂತ ಈ ಮಾತು ಹೆಚ್ಚು ಚುಚ್ಚಿತು. ಗಿಮಾನ್ ಎಸಿ, ಫ್ರಿಜ್ ರಿಪೇರಿ ಮಾಡುವವನು. ಯಾವ ಮನೆಗೆ ಹೋದರೂ ಮೊದಲು ಅವನು ಆಡುವ ಮಾತು ಒಂದೇ: "ಯಂತ್ರದ್ದೇನೂ ತಪ್ಪಿಲ್ಲಮ್ಮ, ನಿಮಗೆ ಬಳಸೋಕೆ ಬಂದಿಲ್ಲ."

ಹಾಗಾಗಿ ಈ ಸಲ ಅವನ ಕಣ್ಣು ಮನೆಯಲ್ಲಿ ಕೋಸಿನ ಉಪ್ಪಿನಕಾಯಿ ಇಡುವ ಕಿಮ್ಚಿ ಫ್ರಿಜ್ಜಿನ ಮೇಲೆ ಬಿತ್ತು. ಮಲಗಿಸಿದ ಸಂದೂಕದಂಥ ಹಳೆಯ ಯಂತ್ರ. ಮೇಲೆ ಎರಡು ಮುಚ್ಚಳ, ಒಳಗೆ ಎರಡು ಪೆಟ್ಟಿಗೆ. ಎಡಗಡೆಯದು ಬೇಸಿಗೆಯ ಹೊತ್ತಿಗೆ ಖಾಲಿಯಾಗಿತ್ತು. ಬಲಗಡೆಯಲ್ಲಿ ಒಂದೇ ಒಂದು ಡಬ್ಬಿ ಉಳಿದಿತ್ತು. ಹೆಂಡತಿ ಸೊನ್‌ಹ್ವಾಳ ತಾಯಿ ಕಳೆದ ನವೆಂಬರಿನಲ್ಲಿ ಕೋಸಿಗೆ ಉಪ್ಪು ಹಚ್ಚಿ, ಖಾರ ಸವರಿ ತುಂಬಿ ಕಳಿಸಿದ ಕಿಮ್ಚಿ. ಫೆಬ್ರವರಿಯಲ್ಲಿ ಆಕೆ ಸತ್ತರು. ಆಮೇಲೆ ಸೊನ್‌ಹ್ವಾ ಆ ಡಬ್ಬಿ ತೆರೆಯಲಿಲ್ಲ. ಊಟಕ್ಕೆ ಅಂಗಡಿಯ ಕಿಮ್ಚಿ ತರುತ್ತಿದ್ದಳು. ಅಡುಗೆಮನೆಯಲ್ಲಿ ಆಚೀಚೆ ಓಡಾಡುವಾಗ ಮಾತ್ರ, ಮಲಗಿದವರ ಹಣೆ ಮುಟ್ಟಿ ನೋಡುವಂತೆ, ಬಲಗಡೆಯ ಮುಚ್ಚಳದ ಮೇಲೆ ಒಮ್ಮೆ ಅಂಗೈ ಇಟ್ಟು ಹೋಗುತ್ತಿದ್ದಳು. ಅದು ಅವಳಿಗೇ ಗೊತ್ತಿತ್ತೋ ಇಲ್ಲವೋ.

"ಎಡಗಡೆದು ತಗೊಳ್ಳಿ," ಎಂದಿದ್ದಳು. "ಬಲಗಡೆ ಕೈ ಹಾಕಿದ್ರೆ ನೀವೂ ಬೇಡ, ನಿಮ್ಮ ಬಿಯರೂ ಬೇಡ."

"ನನಗೇ ಫ್ರಿಜ್ ಬಗ್ಗೆ ಪಾಠ ಹೇಳ್ತೀಯಾ?"

"ಪಾಠ ಅಲ್ಲ ಮೇಸ್ತ್ರಿ. ಎಚ್ಚರಿಕೆ."

ಕಿಮ್ಚಿ ಫ್ರಿಜ್ ಇರುವುದೇ ಸೊನ್ನೆಯ ಆಸುಪಾಸಿನ ಚಳಿಗೆ. ಆ ಚಳಿಗೆ ಯೀಸ್ಟ್ ಕೆಲಸ ಬಿಟ್ಟು ಮಲಗುತ್ತದೆ. ಗಿಮಾನ್ ಅಂಗಡಿಯ ಹಳೆ ಸಾಮಾನಿನಿಂದ ಒಂದು ಪುಟ್ಟ ನಿಯಂತ್ರಕ ಕಟ್ಟಿದ. ಅದರ ತಂತಿಯ ತುದಿಯನ್ನು ಗಾಳಿಯಲ್ಲಿ ತೂಗಾಡಲು ಬಿಡದೆ, ರಸದ ಕಾವೇ ತಿಳಿಯಲೆಂದು ಎಡಗಡೆಯ ಪೆಟ್ಟಿಗೆಯಲ್ಲಿಟ್ಟ ಬಕೆಟ್ಟಿನ ಮೈಗೆ ಅಂಟಿಸಿ ಮೇಲೆ ಸ್ಪಂಜು ಕಟ್ಟಿದ. ಫ್ರಿಜ್ಜಿನ ಪ್ಲಗ್ಗನ್ನು ನಿಯಂತ್ರಕಕ್ಕೆ ಸಿಕ್ಕಿಸಿದ. ರಸ ಇಪ್ಪತ್ತಕ್ಕೇರಿದರೆ ಕರೆಂಟು ಬರುತ್ತದೆ, ಹದಿನೆಂಟಕ್ಕಿಳಿದರೆ ಹೋಗುತ್ತದೆ. ಅಂಗಡಿಯ ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ವಾರವಿಡೀ ಪರೀಕ್ಷೆ ಮಾಡಿಯೂ ಆಗಿತ್ತು. ಗುರುವಾರ ಸಂಜೆ ಯೀಸ್ಟ್ ಹಾಕಿದ. ಶುಕ್ರವಾರ ಹತ್ತೊಂಬತ್ತು. ಶನಿವಾರ ಹತ್ತೊಂಬತ್ತು. ಆ ಅಂಕಿಯ ಫೋಟೋ ತೆಗೆದು ದೊಂಗ್‌ಚಿಲ್‌ಗೆ ಕಳಿಸಿದ.

ಭಾನುವಾರ ಸೊನ್‌ಹ್ವಾ ಅಕ್ಕನ ಜೊತೆ ಊರಿನ ಸಾರ್ವಜನಿಕ ಬಿಸಿನೀರಿನ ಸ್ನಾನಗೃಹಕ್ಕೆ ಹೋಗಿದ್ದಳು. ಎರಡು ಮನೆಗಳ ಎಸಿ ಮುಗಿಸಿ ಊಟಕ್ಕೆ ಬಂದ ಗಿಮಾನ್ ಮೊದಲು ಎಡಗಡೆಯ ಮುಚ್ಚಳ ಎತ್ತಿದ. ಬಕೆಟ್ಟಿನ ನಳಿಗೆಯಲ್ಲಿ ಗುಳ್ಳೆ ಒಂದರ ಹಿಂದೊಂದು ಬ್ಲುಪ್ ಬ್ಲುಪ್ ಎನ್ನುತ್ತಿತ್ತು. ಬ್ರೆಡ್ಡಿನ ಹಸಿ ಹಿಟ್ಟಿನ ಒಳ್ಳೆಯ ವಾಸನೆ. ಖುಷಿಯಾಗಿ ಮುಚ್ಚಿದ. ಆಗ ಇನ್ನೊಂದು ಸದ್ದು ಕೇಳಿಸಿತು. ಸಣ್ಣಗೆ, ಸುಯ್ ಎಂದು. ಬಲಗಡೆಯಿಂದ.

ಮುಚ್ಚಳ ಎತ್ತುತ್ತಲೇ ಹುಳಿ ಮೂಗಿಗೆ ಹೊಡೆಯಿತು. ಡಬ್ಬಿಯ ಮುಚ್ಚಳ ಉಬ್ಬಿ ಒಂದು ಮೂಲೆಯಲ್ಲಿ ಎದ್ದಿತ್ತು. ಕೆಂಪು ರಸ ಹೊರಗೆ ಹರಿದು ತಳದಲ್ಲಿ ನಿಂತಿತ್ತು. ಗಿಮಾನ್ ಒಳಗೆ ಕೈ ಇಟ್ಟ. ತಂಪೇ ಇರಲಿಲ್ಲ.

ನಿಯಂತ್ರಕ ಕರೆಂಟು ಕಡಿಯುತ್ತಿದ್ದುದು ಎಡಗಡೆಯ ಪೆಟ್ಟಿಗೆಗಲ್ಲ, ಇಡೀ ಫ್ರಿಜ್ಜಿಗೆ. ಒಂದೇ ಪ್ಲಗ್, ಒಂದೇ ಕಂಪ್ರೆಸರ್. ಬಿಯರ್ ಹತ್ತೊಂಬತ್ತರಲ್ಲಿ ಸುಖವಾಗಿದ್ದಾಗ ಪಕ್ಕದ ಕಿಮ್ಚಿಗೆ ಚಳಿ ಇಲ್ಲವೇ ಇಲ್ಲ. ಬೇರೆ ಯಾರದಾದರೂ ಮನೆಯಲ್ಲಿ ಇದನ್ನು ಕಂಡಿದ್ದರೆ ಅವನು ಬಿದ್ದು ಬಿದ್ದು ನಗುತ್ತಿದ್ದ.

ನಿಯಂತ್ರಕ ಕಿತ್ತು ಪ್ಲಗ್ಗನ್ನು ನೇರ ಗೋಡೆಗೆ ಹಾಕಿದ. ಬಕೆಟ್ಟನ್ನು ತಬ್ಬಿ ಎತ್ತಿ ಬಚ್ಚಲಿಗೆ ಒಯ್ದು ಕೆಂಪು ರಬ್ಬರ್ ತೊಟ್ಟಿಯಲ್ಲಿ ಕೂರಿಸಿದ. ನೀರು ತುಂಬಿ, ಹಿಮಗಟ್ಟಿದ ಎರಡು ನೀರಿನ ಬಾಟಲಿ ತೇಲಿಬಿಟ್ಟು, ಒದ್ದೆ ಟವೆಲ್ ಸುತ್ತಿದ. ಆಮೇಲೆ ಬಟ್ಟೆ ತಂದು ಫ್ರಿಜ್ಜಿನ ತಳದ ಕೆಂಪು ರಸ ಒರೆಸತೊಡಗಿದ. ಒರೆಸುತ್ತ ಒರೆಸುತ್ತ ಹೊಳೆಯಿತು: ಹೇಗೂ ಅವಳು ತೆರೆಯುವುದಿಲ್ಲ. ಡಬ್ಬಿಯ ಗಾಳಿ ಬಿಟ್ಟು ಮುಚ್ಚಿದರಾಯಿತು, ಸಂಜೆಯೊಳಗೆ ತಣ್ಣಗಾಗುತ್ತದೆ. ಯಾವತ್ತೋ ತೆರೆದ ದಿನ, ಹಳೆಯದಾಯಿತು, ಅದಕ್ಕೇ ಹುಳಿ ಎಂದುಕೊಳ್ಳುತ್ತಾಳೆ. ಡಬ್ಬಿಯನ್ನು ಒತ್ತಿ ಮುಚ್ಚಿದ. ಬಟ್ಟೆಯನ್ನು ಮೂರು ಸಲ ಹಿಂಡಿ ತೊಳೆದ.

ಸೊನ್‌ಹ್ವಾ ಬಿಸಿನೀರಿನ ಸ್ನಾನಕ್ಕೆ ಮುಖ ಕೆಂಪಗಾಗಿ ಬಂದಳು. ಕಾಲು ತೊಳೆಯಲು ಬಚ್ಚಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು.

"ಏನ್ರೀ, ಇದ್ಯಾರು ನಮ್ಮ ತೊಟ್ಟೀಲಿ ಸ್ನಾನಕ್ಕೆ ಕೂತಿರೋದು?"

"ಅಲ್ಲಿ ಜಾಗ ಸಾಲ್ತಿರಲಿಲ್ಲ."

"ಮೂರು ದಿನ ಸಾಲ್ತಿತ್ತು, ಇವತ್ತು ಸಾಲ್ಲಿಲ್ವಾ? ಬಿಯರ್ ದಪ್ಪ ಆಯ್ತಾ?" ಅವಳು ನಗುತ್ತ ಅಡುಗೆಮನೆಗೆ ಬಂದಳು. ಅನ್ನ ಬಡಿಸಲು ಬಟ್ಟಲು ತೆಗೆದುಕೊಂಡು ಹೋಗುತ್ತ, ಎಂದಿನಂತೆ, ಬಲಗಡೆಯ ಮುಚ್ಚಳದ ಮೇಲೆ ಅಂಗೈ ಇಟ್ಟಳು.

"ಅದು ಕೆಟ್ಟಿದೆ," ಎಂದ ಗಿಮಾನ್.

"ಏನು?"

"ಕಿಮ್ಚಿ. ಎರಡೂ ಪೆಟ್ಟಿಗೆಗೆ ಒಂದೇ ಕರೆಂಟು. ನಾನು ಯೋಚನೆ ಮಾಡ್ಲಿಲ್ಲ. ಮೂರು ದಿನದಿಂದ ಅದಕ್ಕೆ ಚಳಿ ಇರಲಿಲ್ಲ."

ಅವಳು ಬಟ್ಟಲು ಕೆಳಗಿಟ್ಟಳು. ಮುಚ್ಚಳ ಎತ್ತಿ, ಡಬ್ಬಿ ತೆರೆದು, ಬೆರಳು ಅದ್ದಿ ನೆಕ್ಕಿದಳು. ಅವನು ಬೈಗುಳಕ್ಕೆ ಕಾದ. ತಳದ ಮೂಲೆಯಲ್ಲಿ ಅವನ ಬಟ್ಟೆಗೆ ಸಿಗದೆ ಉಳಿದಿದ್ದ ಕೆಂಪು ಗೆರೆಯನ್ನು ಅವಳು ನೋಡಿದಳು.

"ಒರೆಸಿದ್ರಾ?"

"ಹ್ಞೂಂ."

"ಹೇಳ್ಬಾರ್ದು ಅಂತ ಇದ್ರಿ."

"ಹ್ಞೂಂ."

"ಇಪ್ಪತ್ತೆರಡು ವರ್ಷದ ಮೇಸ್ತ್ರಿ! ಥೂ ನಿಮ್ಮ..." ಎಂದಳು. ಹಲಗೆ ತಂದು, ಡಬ್ಬಿಯಿಂದ ಒಂದು ಇಡೀ ಕೋಸನ್ನು ಎತ್ತಿ, ಚಾಕುವಿನಿಂದ ಟಕ್ ಟಕ್ ಎಂದು ಕತ್ತರಿಸತೊಡಗಿದಳು. ಇಷ್ಟು ಹುಳಿ ಬಂದದ್ದನ್ನು ಹಸಿಯಾಗಿ ತಿನ್ನಲಾಗದು, ಹಂದಿಮಾಂಸ ಹಾಕಿ ಕುದಿಸಬೇಕು. ಮೂವತ್ತಮೂರು ಡಿಗ್ರಿಯ ಅಡುಗೆಮನೆಯಲ್ಲಿ ಒಲೆ ಹೊತ್ತಿತು. ಇಬ್ಬರೂ ಬೆವರುತ್ತ ನಿಂತರು. ಅವನು ಫ್ಯಾನನ್ನು ಅವಳ ಕಡೆ ತಿರುಗಿಸಿದ. ಅವಳು ಕಾಲಿನಿಂದಲೇ ಅದನ್ನು ಆಚೆ ತಿರುಗಿಸಿದಳು.

ಸಾರು ಬಂತು. ಸೊನ್‌ಹ್ವಾ ಒಂದು ಚಮಚ ಬಾಯಿಗಿಟ್ಟು ತುಂಬ ಹೊತ್ತು ಅಗಿದಳು.

"ಉಪ್ಪು ಜಾಸ್ತಿ," ಎಂದಳು. "ಪ್ರತಿ ವರ್ಷ ಹೇಳ್ತಿದ್ದೆ. ಪ್ರತಿ ವರ್ಷ ಹೀಗೇ ಮಾಡ್ತಿದ್ಲು ಮುದುಕಿ."

ಗಿಮಾನ್ ತಲೆ ಎತ್ತದೆ ತಿಂದ. ಉಪ್ಪು ಜಾಸ್ತಿಯೇ ಇತ್ತು.

"ತಣ್ಣಗಿಟ್ಟರೆ ಹಾಗೇ ಇರುತ್ತೆ ಅಂದ್ಕೊಂಡಿದ್ದೆ," ಎಂದಳು ಅವಳು.

ಅವನಿಗೆ ಸಮಾಧಾನ ಹೇಳುವ ಕಲೆ ಇರಲಿಲ್ಲ. ಫ್ರಿಜ್ಜಿನ ಬಗ್ಗೆ ಮಾತ್ರ ಗೊತ್ತಿತ್ತು. "ಇಲ್ಲ. ಚಳಿಗೆ ಅದು ನಿಲ್ಲಲ್ಲ, ನಿಧಾನ ಆಗುತ್ತೆ ಅಷ್ಟೆ. ಇನ್ನೊಂದು ವರ್ಷಕ್ಕೆ ಹೀಗೇ ಆಗಿರೋದು."

"ನಿಮ್ಮ ತಪ್ಪು ಮುಚ್ಕೊಳ್ಳೋಕೆ ಹೇಳ್ತಿದೀರಾ?"

"ತಪ್ಪು ನಂದೇ. ಇದು ಬೇರೆ ಮಾತು."

ಅವಳು ಅವನ ಮುಖ ನೋಡಿ, ಸುಳ್ಳಲ್ಲವೆಂದು ಕಂಡಿತೇನೋ, ಇನ್ನೊಂದು ಚಮಚ ಬಡಿಸಿಕೊಂಡಳು. ಡಬ್ಬಿಯಲ್ಲಿ ಇನ್ನೂ ಏಳು ಕೋಸು ಇದ್ದವು. ದಿನಕ್ಕೊಂದರಂತೆ ಬರುವ ಭಾನುವಾರಕ್ಕೆ ಮುಗಿಯುತ್ತದೆ, ಅಕ್ಕನಿಗೆ ಎರಡು ಕೊಟ್ಟರೆ ಶುಕ್ರವಾರಕ್ಕೇ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಬಚ್ಚಲಿನಿಂದ ಬ್ಲುಪ್ ಬ್ಲುಪ್ ಕೇಳುತ್ತಿತ್ತು. ಬರುಬರುತ್ತ ಅದು ಜೋರಾಯಿತು. ಗಿಮಾನ್‌ಗೆ ಆ ವೇಗದ ಅರ್ಥ ಗೊತ್ತಿತ್ತು. ತೊಟ್ಟಿಯ ಬಾಟಲಿಗಳಲ್ಲಿ ಹಿಮ ಕರಗಿರಬೇಕು. ರಸ ಇಪ್ಪತ್ತೆರಡೋ ಇಪ್ಪತ್ಮೂರೋ ಆಗಿರಬೇಕು. ಆದರೂ ಅವನು ಚಮಚ ಹಿಡಿದು ಕೂತೇ ಇದ್ದ.

"ಇನ್ನೂ ಯಾಕೆ ಕೂತಿದೀರಿ?" ಎಂದಳು ಸೊನ್‌ಹ್ವಾ. "ಫ್ರೀಜರಲ್ಲಿ ಮೀನಿನ ಕೆಳಗೆ ಇನ್ನೂ ಎರಡು ಬಾಟ್ಲಿ ಇದಾವೆ. ಹೋಗಿ. ಅದನ್ನಾದ್ರೂ ಕೆಡಿಸ್ಬೇಡಿ."