ಅಕ್ಕನ ಮೇಣದಬತ್ತಿ, ಮಲ್ಲಿಯ ಮಾತು

ಆ ಮನೆಗೆ ಇಬ್ಬರು ಸೊಸೆಯರು. ಹಿರಿಯವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಕಿರಿಯವಳ ಬಾಯಿಗೆ ಬೀಗವಿಲ್ಲವೆಂದು ಮದುವೆಯ ಹೊಸತರಲ್ಲೇ ಮಾವ ಅವಳನ್ನು ಮಾತಿನಮಲ್ಲಿ ಎಂದು ಕರೆದಿದ್ದರು. ಮಾವ ಹೋದರೂ ಹೆಸರು ಉಳಿಯಿತು, ಸವೆದು ಸವೆದು ಬರೀ ಮಲ್ಲಿಯಾಯಿತು. ಓರಗಿತ್ತಿಯರೆಂದರೆ ಎಣ್ಣೆ ಸೀಗೇಕಾಯಿ ಅನ್ನುತ್ತಾರೆ. ಇವರು ಹಾಗೇನೂ ಇರಲಿಲ್ಲ, ಹಾಲು ಸಕ್ಕರೆಯೂ ಆಗಿರಲಿಲ್ಲ. ಒಂದೇ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಅಡ್ಡ ಬರದೆ ಓಡಾಡುವುದನ್ನು ಕಲಿತಿದ್ದರು, ಅಷ್ಟೆ.

ದೊಡ್ಡಕ್ಕನ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ಶ್ವಾಸಕೋಶ ಕೆಟ್ಟು ಹಾಸಿಗೆ ಹಿಡಿದ ಮೇಲೆ ಟ್ಯೂಬ್‌ಲೈಟಿನ ಬೆಳಕು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಪೂರ್ತಿ ಕತ್ತಲೆ ಮಾಡಿದರೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಅಂಗಡಿಯಿಂದ ಮೇಣದಬತ್ತಿ ತಂದು ಹಚ್ಚಿದರೆ ಅದರ ಹೊಗೆಗೆ ಕೆಮ್ಮು ಇಮ್ಮಡಿಯಾಯಿತು. ಆಗ ದೊಡ್ಡಕ್ಕ ತಾನೇ ಮಾಡಲು ಕೂತಳು. ಜೇನುಮೇಣ ತಂದಳು, ಕುದಿಯುವ ನೀರಿನ ಪಾತ್ರೆಯಲ್ಲಿ ಇನ್ನೊಂದು ಪಾತ್ರೆಯಿಟ್ಟು ಕರಗಿಸಿದಳು, ಬಟ್ಟೆಯಲ್ಲಿ ಸೋಸಿದಳು. ದಪ್ಪ ಬತ್ತಿ ಹಾಕಿದರೆ ಮಸಿ, ತೆಳುವಾದರೆ ಉರಿ ನಿಲ್ಲದು. ಎಷ್ಟೋ ಹಾಳಾದ ಮೇಲೆ ಹೊಗೆಯಾಡದೆ ಉರಿಯುವಂಥದ್ದೊಂದು ಕೈಗೆ ಬಂತು. ಆ ಹೊತ್ತಿಗೆ ಅವನ ದಿನಗಳು ಮುಗಿಯುತ್ತ ಬಂದಿದ್ದವು.

ಅವನು ಹೋದ ಮೇಲೂ ಅವಳ ಕೈ ನಿಲ್ಲಲಿಲ್ಲ. ಹಿಂದಿನ ಕೋಣೆಯಲ್ಲಿ ಮೇಣ ಕರಗಿಸುತ್ತಿದ್ದಳು, ಲೋಟಗಳಿಗೆ ಹೊಯ್ಯುತ್ತಿದ್ದಳು, ಆರಲು ಬಿಟ್ಟು ಮತ್ತೆ ಕರಗಿಸುತ್ತಿದ್ದಳು. ಮೊದಮೊದಲು ಮಲ್ಲಿ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಎದುರಿಗೆ ಕೂತು ಲೋಟ ಒರೆಸಿ, ಬತ್ತಿ ಕತ್ತರಿಸಿ ಕೊಡತೊಡಗಿದಳು. ಹತ್ತು ಕೇಳಿದರೆ ಒಂದಕ್ಕೆ ಉತ್ತರ ಕೊಡುತ್ತಿದ್ದ ದೊಡ್ಡಕ್ಕ ಆ ಕೋಣೆಯಲ್ಲಿ ತಾನಾಗಿ ಮಾತಾಡಿದಳು. ಮಲ್ಲಿ ಜೀವನದಲ್ಲಿ ಮೊದಲ ಸಲ ಸುಮ್ಮನೆ ಕೇಳಿದಳು. ಕೊನೆಯ ತಿಂಗಳಲ್ಲಿ ಅವನು ಮಗ್ಗುಲು ಬದಲಿಸಲಾರದೆ ಗೋಡೆಯ ಕಡೆಗೇ ಮುಖ ಮಾಡಿ ಮಲಗಿರುತ್ತಿದ್ದುದು, ಗೋಡೆಯ ಮೇಲೆ ಬತ್ತಿಯ ಬೆಳಕು ಅಲುಗುವುದನ್ನು ನೋಡಿ, "ಅದು ಉರೀತಿದ್ರೆ ನೀನು ಎಚ್ಚರ ಇದ್ದೀಯ ಅಂತ ಗೊತ್ತಾಗುತ್ತೆ ಕಣೆ, ಧೈರ್ಯ ಅನ್ಸುತ್ತೆ" ಎಂದದ್ದು. ಇದನ್ನೆಲ್ಲ ಹೇಳುವಾಗ ದೊಡ್ಡಕ್ಕನ ಕಣ್ಣು ಒಣಗಿಯೇ ಇರುತ್ತಿತ್ತು. ಕಣ್ಣೊರೆಸಿಕೊಳ್ಳುತ್ತಿದ್ದವಳು ಮಲ್ಲಿ.

"ಇಷ್ಟೊಂದು ಮಾಡಿ ಕಪಾಟಲ್ಲಿ ಇಟ್ಕೊಂಡು ಏನ್ ಮಾಡ್ತೀರಿ ಅಕ್ಕ? ಇಲಿಗಳಿಗೆ ಓದೋಕೆ ದೀಪಾನಾ?" ಎಂದು ಒಂದು ದಿನ ಮಲ್ಲಿಯೇ ಎರಡು ಪೆಟ್ಟಿಗೆ ತುಂಬಿಸಿದಳು. ಹತ್ತಿರದ ಶಾಲೆಯ ಸಭಾಂಗಣದಲ್ಲಿ ಕರಕುಶಲ ಮೇಳ. ಹೊಲಿಗೆಯವರು, ಮಡಕೆಯವರು, ಸೋಪು ಮಾಡುವವರು ಒಂದೊಂದು ಮೇಜು ಹಿಡಿದು ಕೂರುತ್ತಿದ್ದರು.

"ನೀವೂ ಬನ್ನಿ."

"ಬೇಡಮ್ಮ. ಜನ ಅಂದ್ರೆ ನಂಗೆ ತಲೆ ತಿರುಗುತ್ತೆ. ನೀನೇ ಹೋಗು."

ಆ ಮೊದಲ ಮೇಳದಲ್ಲೇ ಬಾಯಿ ಜಾರಿತು. ಮಧ್ಯಾಹ್ನದವರೆಗೆ ಒಂದೂ ಹೋಗಿರಲಿಲ್ಲ. ಒಬ್ಬ ಮುದುಕ ಬಂದು, ಲೋಟ ಎತ್ತಿ ಮೂಸಿ, ಇದನ್ನು ಮಾಡಲು ಹೇಗೆ ಮನಸ್ಸು ಬಂತಮ್ಮ ಎಂದು ಕೇಳಿದ. ಯಜಮಾನರಿಗೆ ಹುಷಾರಿರಲಿಲ್ಲ, ಹೊಗೆ ಆಗುತ್ತಿರಲಿಲ್ಲ ಎಂದು ಮಲ್ಲಿ ಶುರು ಮಾಡಿದಳು. ಯಾರ ಯಜಮಾನರು ಎಂದು ಹೇಳುವುದು ಬಿಟ್ಟುಹೋಯಿತು. "ಈಗ ಹೇಗಿದ್ದಾರೆ?" ಎಂದ ಮುದುಕ. "ಇಲ್ಲ, ಹೋಗ್ಬಿಟ್ರು" ಎಂದಳು. ಮುದುಕನ ಕಣ್ಣು ತುಂಬಿತು. ಅರ್ಧ ಮೇಜು ಅವನೇ ಕೊಂಡ. ಅವನು ಹೋದ ಮೇಲೆ ಅವಳಿಗೆ ಎದೆ ಡವಡವ ಎಂದಿತು. ಹಿಂದೆ ಓಡಿಹೋಗಿ, ಸತ್ತದ್ದು ನನ್ನ ಗಂಡ ಅಲ್ಲ ಸ್ವಾಮಿ ಎನ್ನುವುದು ಹೇಗೆ? ಸುಮ್ಮನಾದಳು. ಮುಂದಿನ ಮೇಳದಲ್ಲಿ ಯಾರೋ ಅದೇ ಪ್ರಶ್ನೆ ಕೇಳಿದರು. ಅದೇ ಉತ್ತರ ಬಾಯಿಗೆ ಬಂತು. ಈ ಸಲ ಎದೆ ಬಡಿದುಕೊಳ್ಳಲಿಲ್ಲ.

ವ್ಯಾಪಾರ ಕುದುರಿತು. ಶಾಲೆಯ ಸಭಾಂಗಣದಿಂದ ಮಲ್ಲಿ ದೊಡ್ಡ ಪ್ರದರ್ಶನಗಳಿಗೆ ಹೋಗತೊಡಗಿದಳು. ಮೇಜಿಗೆ ಬಿಳಿ ಬಟ್ಟೆ, ಮೇಲೊಂದು ಬೋರ್ಡು ಬಂತು. ಹಿಂದಿನ ಕೋಣೆಗೆ ಹೊಸ ಒಲೆ, ಗೋಡೆಯುದ್ದಕ್ಕೂ ಹಲಗೆಗಳು ಬಂದವು. ವರ್ಷವಿಡೀ ಕಾದಿದ್ದು ಬರುವ ಗಿರಾಕಿಗಳು ಹುಟ್ಟಿಕೊಂಡರು. ಮಲ್ಲಿಯ ಗಂಡ ಶನಿವಾರ ಭಾನುವಾರ ವ್ಯಾನಿನಲ್ಲಿ ಪೆಟ್ಟಿಗೆ ಹೊತ್ತು ತಂದಿಳಿಸುತ್ತಿದ್ದ. ಮೇಜಿನ ಹತ್ತಿರ ನಿಲ್ಲಬೇಡಿ ಎಂದು ಹೆಂಡತಿ ಯಾಕೆ ಹೇಳುತ್ತಾಳೆಂದು ಅವನಿಗೆ ಬೇಗನೆ ತಿಳಿಯಿತು. ಮೊದಲು ಜಗಳವಾಡಿದ. ಆಮೇಲೆ ಸೋತು ನಕ್ಕ. "ಮೇಳಕ್ಕೊಂದು ಸಲ ಸಾಯ್ತೀನಪ್ಪ ನಾನು. ಎರಡು ದಿನದ ಮೇಳ ಆದ್ರೆ ಎರಡು ಸಲ" ಎಂದು ವ್ಯಾನಿನಲ್ಲಿ ಕೂತು ಸೋಪಿನವನೊಡನೆ ಹೇಳುತ್ತಿದ್ದ. ಅಷ್ಟು ಹೇಳಿ ಮುಖ ಬೇರೆ ಕಡೆ ತಿರುಗಿಸುತ್ತಿದ್ದ. ಸತ್ತವನು ಅವನ ಅಣ್ಣ.

ಒಂದು ಭಾನುವಾರ ದಂತಬಣ್ಣದ ಬತ್ತಿಗಳ ಪೆಟ್ಟಿಗೆ ಮನೆಯಲ್ಲೇ ಉಳಿದಿತ್ತು. ತೆಗೆದುಕೊಂಡು ಹೋಗಲು ಬಂದ ಮೈದುನನಿಗೆ ದೊಡ್ಡಕ್ಕ ಚಪ್ಪಲಿ ಹಾಕಿಕೊಂಡು ಎದುರಾದಳು.

"ನಾನೂ ಬರ್ತೀನಿ ನಡಿ. ಇಷ್ಟು ವರ್ಷ ಆಯ್ತು, ಒಂದು ಸಲ ನೋಡ್ತೀನಿ."

ಅವನು ಬಾಗಿಲಿಗೆ ಅಡ್ಡ ನಿಂತ. "ಅಲ್ಲಿ ವಿಪರೀತ ರಶ್ಶು ಅತ್ತಿಗೆ. ಪಾರ್ಕಿಂಗೂ ಸಿಗಲ್ಲ."

"ನನ್ನೇನು ಪಾರ್ಕ್ ಮಾಡ್ಬೇಕಾ? ನಡಿ."

ದಾರಿಯಲ್ಲಿ ಅವನು ಮಲ್ಲಿಗೆ ಎರಡು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ವ್ಯಾಪಾರದ ಹೊತ್ತಿನಲ್ಲಿ ಅವಳು ಫೋನ್ ಮುಟ್ಟುತ್ತಿರಲಿಲ್ಲ.

ಒಳಗೆ ದೊಡ್ಡ ಸಭಾಂಗಣ, ತಗಡಿನ ಚಾವಣಿ, ಸಾಲು ಸಾಲು ಮೇಜುಗಳು. ದೊಡ್ಡಕ್ಕನೇ ಪೆಟ್ಟಿಗೆ ಹಿಡಿದುಕೊಂಡು ಮುಂದೆ ನಡೆದಳು. ತನ್ನ ಬತ್ತಿಗಳನ್ನು ದೂರದಿಂದಲೇ ಗುರುತಿಸಿ ಅವಳಿಗೆ ಒಳಗೊಳಗೆ ಹಿಗ್ಗಾಯಿತು. ಹತ್ತಿರ ಹೋದಾಗ ಮೇಜಿನ ಈಚೆ ಬಂದು ನಿಂತಿದ್ದ ಮಲ್ಲಿಯ ಬೆನ್ನು ಕಂಡಿತು. ದಪ್ಪ ಕನ್ನಡಕದ ವಯಸ್ಸಾದ ಹೆಂಗಸೊಬ್ಬಳು ಮಲ್ಲಿಯ ಎರಡೂ ಕೈ ಹಿಡಿದುಕೊಂಡಿದ್ದಳು. ಮಲ್ಲಿ ದೊಡ್ಡಕ್ಕನಿಗೆ ಗುರುತೇ ಇಲ್ಲದ ಮೆತ್ತನೆಯ ದನಿಯಲ್ಲಿ ಹೇಳುತ್ತಿದ್ದಳು:

"ಗೋಡೆ ಕಡೆ ತಿರುಗಿ ಮಲಗಿರ್ತಿದ್ರು. ಅದು ಉರೀತಿದ್ರೆ ನೀನು ಎಚ್ಚರ ಇದ್ದೀಯ ಅಂತ ಗೊತ್ತಾಗುತ್ತೆ ಕಣೆ, ಅಂದ್ರು ನಂಗೆ. ಧೈರ್ಯ ಅನ್ಸುತ್ತೆ ಅಂದ್ರು."

"ನಮ್ಮವರೂ ಹಂಗೇ ಹೋಗಿದ್ದಮ್ಮ" ಎಂದಳು ಕನ್ನಡಕದಾಕೆ. ಇಬ್ಬರ ಕಣ್ಣಲ್ಲೂ ನೀರಿತ್ತು.

ದೊಡ್ಡಕ್ಕ ನಿಂತಲ್ಲೇ ನಿಂತಳು. ಹಿಂದೆ ಮೈದುನ "ಅತ್ತಿಗೆ..." ಎಂದ. ಆ ದನಿಗೆ ಮಲ್ಲಿ ತಿರುಗಿದಳು. ಕನ್ನಡಕದಾಕೆಯ ಹಿಡಿತದಿಂದ ಕೈ ಬಿಡಿಸಿಕೊಂಡಳು. ದೊಡ್ಡಕ್ಕ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದು ಬತ್ತಿಗಳನ್ನು ಒಂದೊಂದಾಗಿ ಹೊರಗಿಡತೊಡಗಿದಳು. ಬೇರೇನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಇವರು ಯಾರಮ್ಮ?" ಎಂದಳು ಕನ್ನಡಕದಾಕೆ.

ಮಲ್ಲಿ ಒಮ್ಮೆ ಅಕ್ಕನನ್ನು, ಒಮ್ಮೆ ಸುತ್ತ ನಿಂತಿದ್ದ ಗಿರಾಕಿಗಳನ್ನು ನೋಡಿದಳು. "ಇವರು... ಕೆಲಸಕ್ಕೆ ಸಹಾಯ ಮಾಡ್ತಾರೆ."

ದೊಡ್ಡಕ್ಕನ ಕೈ ಅರೆಗಳಿಗೆ ತಡೆಯಿತು. "ಹೌದು" ಎಂದಳು.

ಕನ್ನಡಕದಾಕೆ ಅವಳ ತೋಳು ಮುಟ್ಟಿ ತಗ್ಗಿದ ದನಿಯಲ್ಲಿ ಹೇಳಿದಳು: "ಇವರನ್ನ ಚೆನ್ನಾಗಿ ನೋಡ್ಕೊಳ್ಳಮ್ಮ. ಪಾಪ, ತುಂಬ ನೊಂದಿರೋ ಜೀವ."

"ನೋಡ್ಕೊಳ್ತೀನಿ" ಎಂದಳು ದೊಡ್ಡಕ್ಕ.

ಪೆಟ್ಟಿಗೆ ಖಾಲಿಯಾಗುವವರೆಗೂ ಬತ್ತಿಗಳನ್ನು ಜೋಡಿಸಿ, ಖಾಲಿ ಪೆಟ್ಟಿಗೆಯನ್ನು ಮೇಜಿನ ಕೆಳಗೆ ಸರಿಸಿ, ಬಂದ ದಾರಿಯಲ್ಲೇ ಹೊರಗೆ ನಡೆದಳು. ಮೈದುನ ವ್ಯಾನು ತರುತ್ತೇನೆಂದರೂ ನಿಲ್ಲದೆ ಬಸ್ಸು ಹತ್ತಿದಳು.

ಸಂಜೆ ಮಲ್ಲಿ ಮನೆಗೆ ಬಂದಾಗ ದೊಡ್ಡಕ್ಕ ಹಿಂದಿನ ಕೋಣೆಯಲ್ಲಿ ಕೂತಿದ್ದಳು. ಒಲೆ ಹಚ್ಚಿರಲಿಲ್ಲ.

"ಅಕ್ಕ, ಬೇಕು ಅಂತ ಶುರು ಮಾಡಿದ್ದಲ್ಲ. ಬಾಯಿ ತಪ್ಪಿ ಬಂತು. ಆಮೇಲೆ ತಿದ್ದಿಕೊಳ್ಳೋಕೆ ಆಗ್ಲಿಲ್ಲ. ಎಲ್ಲಾ ನಿಮ್ಮ ಮಾಲು ಹೋಗ್ಲಿ ಅಂತಾನೇ..."

ದೊಡ್ಡಕ್ಕ ಲೋಟದ ಅಂಚಿಗೆ ಅಂಟಿದ ಮೇಣವನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಬೈದುಬಿಡಿ ಅಕ್ಕ. ಎರಡು ಏಟು ಹಾಕಿ. ಹೀಗೆ ಕೂರಬೇಡಿ."

"ಅವರ ಕೆಮ್ಮಿನ ವಿಷಯಾನೂ ಹೇಳ್ತಿದ್ಯಾ?"

ಮಲ್ಲಿ ತಲೆ ತಗ್ಗಿಸಿದಳು. "ಹೇಳ್ತಿದ್ದೆ."

"ಹೇಳುವಾಗ ನಿಂಗೆ ಅಳು ಬರ್ತಿತ್ತಲ್ಲ, ಅದು ನಿಜವಾಗ್ಲೂನಾ?"

"ನಿಜವಾಗ್ಲೂ ಅಕ್ಕ. ನಿಮ್ಮ ಎದುರು ಕೂತು ಕೇಳಿ ಕೇಳಿ ನಂದೇ ಅನ್ನಿಸ್ಬಿಟ್ಟಿತ್ತು."

"ನಂಗಿನ್ನೂ ಬಂದಿಲ್ಲ ಕಣೆ" ಎಂದಳು ದೊಡ್ಡಕ್ಕ. "ಎಂದಾದ್ರೂ ಬರುತ್ತೆ ಅಂತ ಕಾಯ್ತಿದ್ದೆ. ನನಗಿಂತ ಮುಂಚೆ ನೀನು ಊರೆಲ್ಲಾ ಅತ್ತು ಬಂದ್ಬಿಟ್ಟೆ."

ಮಲ್ಲಿ ನೆಲದ ಮೇಲೆ ಕೂತಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಆಡಿದ ಮಾತು ಬೇರೆಯವರ ಮನೆಯ ಮುತ್ತನ್ನು ಒಡೆಯಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

"ಬತ್ತಿ ಮಾಡಿಕೊಡ್ತೀನಿ. ಒಪ್ಪಿಕೊಂಡಿರೋದು ಬಿಡೋಕಾಗಲ್ಲ" ಎಂದು ದೊಡ್ಡಕ್ಕ ಎದ್ದಳು. "ಬತ್ತಿ ಮಾರು. ಅವರನ್ನ ಮಾರಬೇಡ."

ಅಂದಿನಿಂದ ಆ ಕೋಣೆಯಲ್ಲಿ ನೀರು ಕುದಿಯುವ ಸದ್ದು, ಕತ್ತರಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕೊಡು, ಇಡು, ಸಾಕು: ಅಷ್ಟರಲ್ಲೇ ಕೆಲಸ ಸಾಗುತ್ತಿತ್ತು. ಮೈದುನನೂ ಅತ್ತಿಗೆಯ ಮುಖ ನೋಡಲಾರದೆ ಬಾಗಿಲ ಹೊರಗೇ ಪೆಟ್ಟಿಗೆ ಇಟ್ಟು ಹೋಗುತ್ತಿದ್ದ. ಒಂದು ದಿನ ಅಲ್ಲೇ ನಿಂತು, "ನನಗೂ ಗೊತ್ತಿತ್ತು ಅತ್ತಿಗೆ. ನಗ್ತಾ ಇದ್ದೆ" ಎಂದ. "ಗೊತ್ತು" ಎಂದಷ್ಟೇ ಅವಳು ಹೇಳಿದಳು.

ಮುಂದಿನ ಮೇಳಕ್ಕೆ ಮಲ್ಲಿ ಕಾಲೆಳೆದುಕೊಂಡು ಹೋದಳು. ಕನ್ನಡಕದಾಕೆ ತನ್ನ ತಂಗಿಯನ್ನು ಕರೆದುಕೊಂಡು ಬಂದಳು. "ಇವರೇ ನೋಡೆ, ನಾನು ಹೇಳಿದ್ನಲ್ಲ" ಎಂದು ತೋರಿಸಿದಳು. ಮಲ್ಲಿಗೆ ತಡೆಯಲಾಗಲಿಲ್ಲ.

"ಅಮ್ಮ, ನನ್ನ ಗಂಡ ಬದುಕಿದ್ದಾರೆ. ಅಗೋ, ಪೆಟ್ಟಿಗೆ ಇಳಿಸ್ತಿದ್ದಾರಲ್ಲ, ಅವರೇ. ಹೋಗಿದ್ದು ಅವರ ಅಣ್ಣ. ಬತ್ತಿ ಮಾಡೋದು ನಮ್ಮ ಅಕ್ಕ."

ಕನ್ನಡಕದಾಕೆಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೋಪಕ್ಕಿಂತ ಮೊದಲು ಬೇರೇನೋ ನೆನಪಾಗಿ ಅವಳ ಕೈ ಬಾಯಿಗೆ ಹೋಯಿತು. "ಅವತ್ತು ಪೆಟ್ಟಿಗೆ ತಂದಿದ್ದರಲ್ಲ... ಅವರಾ?"

"ಅವರೇ."

"ಅವರಿಗೆ ನಾನು ಏನು ಹೇಳಿಬಿಟ್ಟೆ!" ಅವಳು ಮೇಜಿನ ಅಂಚು ಹಿಡಿದುಕೊಂಡಳು. ಆಮೇಲೆ ಕೋಪವೂ ಬಂತು. "ನಾನು ನಿನ್ನ ಕೈ ಹಿಡ್ಕೊಂಡು ಅತ್ತಿದ್ದೆನಲ್ಲಮ್ಮ. ನನ್ನ ಮಕ್ಕಳ ಮುಂದೆ ಕೂಡ ಅತ್ತಿರಲಿಲ್ಲ." ಮನೆಯ ವಿಳಾಸ ಕೇಳಿದಳು. ಅಕ್ಕನನ್ನು ಕೇಳದೆ ಕೊಡಲಾರೆ ಎಂದಳು ಮಲ್ಲಿ. ಮನೆಯಲ್ಲಿ ಕೇಳಿದಾಗ ದೊಡ್ಡಕ್ಕ ಬೇಡವೆಂದಳು. ಆ ಹೆಂಗಸು ಮತ್ತೆ ಮೇಳಕ್ಕೆ ಬಂದದ್ದನ್ನು ಮಲ್ಲಿ ನೋಡಲಿಲ್ಲ.

ಸುದ್ದಿಗೆ ಕಾಲು ಬಂತು. ಹಳೆಯ ಗಿರಾಕಿಗಳಲ್ಲಿ ಕೆಲವರು ಮೇಜು ಕಂಡೂ ಕಾಣದ ಹಾಗೆ ದಾಟಿ ಹೋದರು. ಯಾರಾದರೂ ಎದುರಿಗೇ ಕೇಳಿದರೆ ಮಲ್ಲಿ ಹೌದು, ಸುಳ್ಳು ಹೇಳಿದ್ದೆ ಎನ್ನುತ್ತಿದ್ದಳು. ಒಂದು ಪ್ರದರ್ಶನದವರು ಜಾಗ ಕೊಡಲಿಲ್ಲ. ತುಂಬಿದ ಪೆಟ್ಟಿಗೆಗಳು ತುಂಬಿದ ಹಾಗೇ ಮನೆಗೆ ವಾಪಸಾದ ದಿನಗಳೂ ಇದ್ದವು. ಆದರೂ ಮನೆಗೆ ಒಯ್ದು ಉರಿಸಿ ನೋಡಿದವರು ಮತ್ತೆ ಬಂದರು, ಅವರ ಮಾತು ಕೇಳಿ ಬೇರೆಯವರು ಬಂದರು. ಊಟದ ಹೋಟೆಲೊಂದು ಪ್ರತಿ ಮೇಜಿಗೂ ಒಂದರಂತೆ ಇಡಲು ಶುರು ಮಾಡಿತು. ಮಲ್ಲಿ ಬತ್ತಿಯ ಬಗ್ಗೆ ಮಾತಾಡುವುದನ್ನು ಕಲಿತಳು: ಎಷ್ಟು ಹೊತ್ತು ಉರಿಯುತ್ತದೆ, ಗಾಳಿಗೆ ಎಲ್ಲಿಡಬಾರದು, ಮೊದಲ ಸಲ ಮೇಲ್ಭಾಗ ಪೂರ್ತಿ ಕರಗುವವರೆಗೆ ಯಾಕೆ ಆರಿಸಬಾರದು. ಇದು ನಿಧಾನದ ವ್ಯಾಪಾರ, ಆದರೆ ಕಾಲೂರಿ ನಿಂತಿತು.

ಅದಾದ ಎರಡನೆಯ ವರ್ಷ ಮೈದುನನ ಸೊಂಟ ಹಿಡಿಯಿತು. ಪೆಟ್ಟಿಗೆ ಎತ್ತಲು ಜನವಿಲ್ಲ. ಮಲ್ಲಿ ಕೇಳಲಿಲ್ಲ, ಬೆಳಿಗ್ಗೆ ವ್ಯಾನಿನ ಮುಂದಿನ ಸೀಟಿನಲ್ಲಿ ದೊಡ್ಡಕ್ಕ ಬಂದು ಕೂತಿದ್ದಳು.

ಮೇಳದಲ್ಲಿ ಅವಳು ಮೇಜಿನ ಹಿಂದೆ ಕುರ್ಚಿ ಹಾಕಿಕೊಂಡು ಕಾಗದದಲ್ಲಿ ಬತ್ತಿ ಸುತ್ತಿಕೊಡುತ್ತಿದ್ದಳು. ಮಧ್ಯಾಹ್ನ ಜೋಡಿಯೊಂದು ಬಂತು, ಹೊಸದಾಗಿ ಮದುವೆಯಾದವರಂತಿದ್ದರು. "ಇದನ್ನ ಮಾಡೋಕೆ ಹೇಗೆ ಶುರು ಮಾಡಿದ್ರಿ?" ಎಂದು ಹುಡುಗಿ ಮಲ್ಲಿಯನ್ನು ಕೇಳಿದಳು. ಉತ್ತರ ಹಿಂದಿನಿಂದ ಬಂತು.

"ನಮ್ಮ ಯಜಮಾನ್ರಿಗೆ ಕಾಯಿಲೆ ಆದಾಗ" ಎಂದಳು ದೊಡ್ಡಕ್ಕ, ಕಾಗದ ಮಡಿಸುತ್ತ. "ಮೊದಲನೇ ದಿನ ಹಚ್ಚಿಟ್ಟಾಗ ಏನಂದ್ರು ಗೊತ್ತಾ? 'ಏನೇ ಇದು, ಹೋಟೆಲ್ ಥರ ಮಾಡಿದ್ದೀಯ. ಈಗ ಬಿಲ್ಲೂ ತರ್ತೀಯಾ?' ಅಂದ್ರು. ಮೇಣದಬತ್ತಿ ಅಂದ್ರೆ ಅವರಿಗೆ ಆಗ್ತಾನೇ ಇರ್ಲಿಲ್ಲ."

ಹುಡುಗ ನಕ್ಕ. ಹುಡುಗಿ ನಗಬೇಕೋ ಬೇಡವೋ ತಿಳಿಯದೆ ಅವಳ ಮುಖ ನೋಡಿದಳು. ದೊಡ್ಡಕ್ಕನ ತುಟಿಯಲ್ಲಿ ಸಣ್ಣ ನಗೆ ಕಂಡು ತಾನೂ ನಕ್ಕಳು. ಎರಡು ಬತ್ತಿ ತೆಗೆದುಕೊಂಡು ಅವರು ಹೋದರು.

ಮಲ್ಲಿ ಬಹಳ ಹೊತ್ತು ಲೋಟಗಳನ್ನು ಸುಮ್ಮನೆ ಅತ್ತ ಇತ್ತ ಸರಿಸಿದಳು. ಕೊನೆಗೆ ತಿರುಗದೆಯೇ ಕೇಳಿದಳು:

"ಇದನ್ನ ನಂಗೆ ಯಾವತ್ತೂ ಹೇಳಿರ್ಲಿಲ್ಲ ನೀವು."

"ನಿಂಗೆ ಎಲ್ಲಾ ಹೇಳಿಲ್ಲ ಕಣೆ" ಎಂದಳು ದೊಡ್ಡಕ್ಕ. ಅವಳ ದನಿಯಲ್ಲಿ ಕಹಿಯಿರಲಿಲ್ಲ. "ಆ ಪೆಟ್ಟಿಗೆ ಈ ಕಡೆ ಕೊಡು. ಸುತ್ತೋ ಕಾಗದ ಮುಗೀತು."