ಯಾರದೀ ಕೈ

ನಮ್ಮ ಮನೆಯವರ ಬಲಗಣ್ಣಿನ ಸುತ್ತ, ಹಣೆಯ ಅರ್ಧಕ್ಕೆ ಸರ್ಪಸುತ್ತು ಎದ್ದಾಗ ಕುಲಗೋಡದ ಅರ್ಧ ಊರೇ ನೋಡಲು ಬಂತು. ಬಂದವರೆಲ್ಲ ವೈದ್ಯರೇ. ನಮ್ಮ ಅತ್ತೆ ಸತ್ತೆವ್ವ ಹಣೆಯ ನಟ್ಟನಡುವೆ ಕೆಮ್ಮಣ್ಣಿನ ಗೆರೆ ಎಳೆದು, "ಸರ್ಪ ಇದನ್ನ ದಾಟಿ ಎಡಕ್ಕ ಹೋತಂದ್ರ ಜೀವ ಉಳಿಯಾಂಗಿಲ್ಲ" ಎಂದರು. ಆ ಗೆರೆ ಕಾಯುತ್ತ ನಾನು ನಿದ್ದೆಗೆಟ್ಟೆ. ಗುಳ್ಳೆ ದಾಟಲಿಲ್ಲ, ಒಣಗಿ ಉದುರಿದವು. ಯುದ್ಧದ ದಿನಗಳು, ಸಕ್ಕರೆ ಸಿಗುತ್ತಿರಲಿಲ್ಲ. ಅತ್ತೆ ಓಣಿಗೆಲ್ಲ ಬೆಲ್ಲ ಹಂಚಿದರು.

ತಿಂಗಳು ಕಳೆದಿರಬೇಕು. ಬೆಳಿಗ್ಗೆ ಪೂಜೆಗೆ ಕುಳಿತವರ ಎಡ ಅಂಗೈಯಿಂದ ಲಿಂಗ ಜಾರಿ ಕಂಬಳಿಯ ಮೇಲೆ ಬಿತ್ತು. ಆ ಕೈ ಸ್ವಾಧೀನ ತಪ್ಪಿ ಬಿದ್ದುಹೋಗಿತ್ತು, ಎಡಗಾಲೂ. "ಒಳಗಿಂದ ದಾಟೇತಿ!" ಎಂದು ಅತ್ತೆ ಎದೆ ಬಡಿದುಕೊಂಡರು. ನನಗೂ ಹಾಗೆಯೇ ಅನಿಸಿತು.

ಗೋಕಾಕದಿಂದ ಚಕ್ಕಡಿಯಲ್ಲಿ ಡಾಕ್ಟರನ್ನು ಕರೆತಂದೆವು. "ಕಣ್ಣಿನ ಬ್ಯಾನಿ ಒಳಗಿನ ರಕ್ತನಾಳಕ್ಕ ಹತ್ತೇತಿ," ಎಂದರು. "ಮಿದುಳಿನ ಬಲಕ್ಕ ರಕ್ತ ಹೋಗವಲ್ದು. ಬಲಕ್ಕ ಪೆಟ್ಟು ಬಿದ್ರ ಎಡಗೈ ಎಡಗಾಲು ಬೀಳ್ತಾವು. ಹಿಂಗಾಗೂದು ಭಾಳ ಅಪರೂಪ. ಹೊಟ್ಟಿಗೆ ಏನಾರ ಹೋಗಲಿ, ಇಲ್ಲಂದ್ರ ಉಳಿಯೂದು ಕಷ್ಟ."

ಹೊಟ್ಟೆಗೆ ಹೋಗಬೇಕಲ್ಲ! ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸದೆ ಹನಿ ನೀರೂ ಮುಟ್ಟುವವರಲ್ಲ ಇವರು. ಆ ಎಡಗೈ ಎತ್ತಿ ತೊಡೆಯ ಮೇಲಿಟ್ಟು ಅಂಗೈ ಬಿಡಿಸಿದೆ. ಅವರು ಅದನ್ನೇ ದಿಟ್ಟಿಸಿದರು.

"ಇದು ಯಾರ ಕೈ?"

"ನಿಮ್ಮದರಿ."

"ಹುಚ್ಚಿ, ನಂದಲ್ಲ. ಯಾರದೋ ಕೈ ತಂದು ನನ್ನ ತೊಡಿ ಮ್ಯಾಲ ಇಟ್ಟೀರಿ. ತೆಗಿ ಅತ್ತಾಗ!"

ಮಿದುಳಿನ ಪೆಟ್ಟು ಅವರಿಗೆ ತಮ್ಮ ಕೈಯ ಗುರುತನ್ನೇ ಅಳಿಸಿತ್ತು. ಅತ್ತೆ ಬೆದರಿ ಪಡಸಾಲೆಗೆ ಓಡಿದರು. ಆ ದಿನ ಹೋಯಿತು, ಮರುದಿನವೂ ಹೋಯಿತು. ತುಟಿ ಒಡೆದವು. ಅಂಬಲಿ ತಂದರೆ ಬಾಯಿ ಬಿಗಿಹಿಡಿಯುತ್ತಿದ್ದರು. ಕಣ್ಣೆದುರೇ ಸಾಯುತ್ತಾರೆಂದು ಹೆದರಿದೆ. ಎಂಥ ಹಟಮಾರಿ ಮನುಷ್ಯ ಎಂದು ಸಿಟ್ಟೂ ಬಂತು.

ಕೊನೆಗೆ ಅವರ ಎಡಕ್ಕೆ ಒತ್ತಿ ಕುಳಿತೆ. ನನ್ನ ಎಡಗೈಯನ್ನು ಸೆರಗಿನಲ್ಲಿ ಅಡಗಿಸಿ, ಬಲಗೈಯಿಂದ ಅವರ ಎಡಗೈಯನ್ನೇ ಹಿಡಿದು ಮುಂದೆ ಚಾಚಿದೆ.

"ಮತ್ತ ತಂದ್ಯಾ? ಯಾರದಿದು?"

"ನಂದರಿ," ಎಂದೆ. "ನನ್ನ ಕೈ ಮ್ಯಾಲ ಪೂಜಿ ಮಾಡ್ರಿ. ನಾ ಏನ್ ಹೊರಗಿನಾಕಿ ಏನ್ರಿ?"

ಬಹಳ ಹೊತ್ತು ನೋಡಿದರು. ಆಮೇಲೆ ಬಲಗೈಯಿಂದ ಲಿಂಗವನ್ನು ಅದರ ಮೇಲಿಟ್ಟು ವಿಭೂತಿ ಹಚ್ಚಿ ಕಣ್ಣು ಮುಚ್ಚಿದರು. ಪೂಜೆ ಮುಗಿಸಿ ಅಂಬಲಿಗೆ ಬಾಯಿ ತೆರೆದರು. ಗುಟುಕು ಗಂಟಲಿನಲ್ಲಿ ಇಳಿಯುವುದನ್ನು ಉಸಿರು ಹಿಡಿದು ನೋಡಿದೆ.

ಅವರು ಆ ಕೈಯನ್ನು ಮೆಲ್ಲಗೆ ಸವರಿದರು. "ಎಷ್ಟ್ ತಣ್ಣಗಾಗೇತಿ ನಿನ್ನ ಕೈ," ಎಂದರು. "ಅಂಜೀಯೇನ ಗೌರವ್ವಾ?"

"ಹೌದ್ರಿ," ಎಂದೆ.